ನಡುರಾತ್ರಿಯ ಬೆಕ್ಕು: ತಪ್ಪು ಯಾರದು?

ಬೆಳಗಿನ ಜಾವ ನಾಲ್ಕು ಗಂಟೆ. ಮನೆಯವರೆಲ್ಲರೂ ಗಾಢನಿದ್ರೆಯಲ್ಲಿರುವಾಗ ಬೆಕ್ಕು ಹಾಸಿಗೆಯ ಬಳಿಗೆ ಬಂದು 'ಮ್ಯಾವ್' ಎನ್ನುತ್ತದೆ. ಉತ್ತರ ಬಾರದಿದ್ದರೆ ಹೊದಿಕೆಯನ್ನು ಎಳೆಯುತ್ತದೆ. ಎದೆಯ ಮೇಲೆ ಹತ್ತಿ ಕೂರುತ್ತದೆ. ಹೊರಗೆ ಹಾಕಿದರೆ ಮುಚ್ಚಿದ ಬಾಗಿಲನ್ನು ಪರಚತೊಡಗುತ್ತದೆ. ಕೊನೆಗೆ ಯಾರಾದರೊಬ್ಬರು ಗೊಣಗುತ್ತ ಎದ್ದು, ಅಡುಗೆಮನೆಯ ದೀಪ ಹಾಕಿ, ಬಟ್ಟಲಿಗೆ ಒಂದಿಷ್ಟು ಹಾಲು ಸುರಿದು ಬರುತ್ತಾರೆ. ಮನೆ ಮತ್ತೆ ನಿಶ್ಶಬ್ದವಾಗುತ್ತದೆ.

ಹೀಗೆ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಮನೆಯ ಹಿರಿಯರ ತೀರ್ಪು ಹೊರಬೀಳುತ್ತದೆ: "ಈ ಬೆಕ್ಕಿನ ಕಾಟ ಸಾಕು, ಗೋಣಿಚೀಲಕ್ಕೆ ಹಾಕಿ ಊರಾಚೆ ಬಿಟ್ಟು ಬನ್ನಿ." ಬೆಕ್ಕನ್ನು ಮುದ್ದಿನಿಂದ ಸಾಕಿದ ಹುಡುಗನಾಗಲಿ ಹುಡುಗಿಯಾಗಲಿ ಎದುರು ಹೇಳಲಾರದೆ ನಿಲ್ಲುತ್ತಾರೆ. ಏಕೆಂದರೆ ದೂರು ಸುಳ್ಳಲ್ಲ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹಗಲು ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವುದಕ್ಕೂ ನಿದ್ರೆ ಅವಶ್ಯಕ. ಪರೀಕ್ಷೆಯ ದಿನಗಳಲ್ಲಿ ನಿತ್ಯವೂ ನಿದ್ರೆ ಕೆಟ್ಟರೆ ಅದು ಸಣ್ಣ ನಷ್ಟವಲ್ಲ. ಆದರೂ ಮೇಲಿನ ತೀರ್ಪು ಅನ್ಯಾಯವಾದದ್ದೆಂದೂ, ಅದಕ್ಕಿಂತ ಹೆಚ್ಚಾಗಿ, ವಿಚಾರಣೆಯಿಲ್ಲದೆ ಕೊಟ್ಟದ್ದೆಂದೂ ನನ್ನ ಅಭಿಪ್ರಾಯ. ಆಪಾದಿತನ ಪರವಾಗಿ ವಿಜ್ಞಾನ ಹೇಳುವ ಮಾತುಗಳನ್ನು ಮೊದಲು ಕೇಳೋಣ.

ಬೆಕ್ಕನ್ನು ನಿಶಾಚರ ಪ್ರಾಣಿ ಎನ್ನುವುದು ವಾಡಿಕೆ. ಸರಿಯಾಗಿ ಹೇಳುವುದಾದರೆ ಅದು 'ಸಂಧ್ಯಾಚರ'. ಮುಸ್ಸಂಜೆಯ ಮತ್ತು ಮುಂಜಾವದ ಮಬ್ಬು ಬೆಳಕಿನಲ್ಲಿಯೇ ಅದರ ಚಟುವಟಿಕೆ ಹೆಚ್ಚು; ಅದು ಬೇಟೆಯಾಡುವ ಸಣ್ಣ ಪ್ರಾಣಿಗಳಲ್ಲಿ ಅನೇಕವು ಹೊರಬರುವುದೂ ಆ ಹೊತ್ತಿನಲ್ಲಿಯೇ. ಬೆಕ್ಕಿನ ಶರೀರರಚನೆಯೆಲ್ಲ ಇದಕ್ಕೆ ತಕ್ಕಂತಿದೆ. ಅದರ ಅಕ್ಷಿಪಟಲದ ಹಿಂದೆ ಕನ್ನಡಿಯಂತಹ ಒಂದು ಪದರವುಂಟು. ಒಮ್ಮೆ ಒಳಹೊಕ್ಕ ಬೆಳಕನ್ನು ಅದು ಮರಳಿ ಅಕ್ಷಿಪಟಲದ ಮೇಲೆ ಪ್ರತಿಫಲಿಸುವುದರಿಂದ, ನಮಗೆ ಬೇಕಾಗುವ ಬೆಳಕಿನ ಸುಮಾರು ಆರರಲ್ಲೊಂದು ಭಾಗವಿದ್ದರೂ ಬೆಕ್ಕಿಗೆ ಸಾಕು. ಕತ್ತಲಲ್ಲಿ ಅದರ ಕಣ್ಣು ಹೊಳೆಯುವುದು ಈ ಪದರದಿಂದಲೇ. ಮನುಷ್ಯನ ಕಿವಿ ಸೆಕೆಂಡಿಗೆ 20,000 ಕಂಪನಗಳವರೆಗಿನ ಶಬ್ದವನ್ನು ಕೇಳಬಲ್ಲುದು. ಬೆಕ್ಕಿನ ಕಿವಿ 60,000ಕ್ಕೂ ಹೆಚ್ಚಿನ ಕಂಪನಗಳನ್ನು ಗ್ರಹಿಸಬಲ್ಲುದು. ನಮಗೆ ಮೌನವೆಂದು ತೋರುವ ಮನೆಯ ಮೂಲೆಯಲ್ಲಿ ಇಲಿಮರಿಗಳ ಕೀಚಲು ದನಿ ಅದಕ್ಕೆ ಸ್ಪಷ್ಟವಾಗಿ ಕೇಳಿಸುತ್ತದೆ.

ಈ ಗುಣಗಳಿಗಾಗಿಯೇ ಅಲ್ಲವೆ ಬೆಕ್ಕು ಮನುಷ್ಯನ ಮನೆ ಸೇರಿದುದು? ಪಶ್ಚಿಮ ಏಷ್ಯದಲ್ಲಿ ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮನುಷ್ಯ ಬೇಸಾಯ ಕಲಿತು ಧಾನ್ಯವನ್ನು ಕೂಡಿಟ್ಟ. ಧಾನ್ಯಕ್ಕೆ ಇಲಿ ಬಂತು. ಇಲಿಯ ಬೆನ್ನು ಹತ್ತಿ ಕಾಡುಬೆಕ್ಕು ಬಂತು. ಸೈಪ್ರಸ್ ದ್ವೀಪದಲ್ಲಿ ಮನುಷ್ಯನ ಪಕ್ಕದಲ್ಲಿ ಬೆಕ್ಕನ್ನೂ ಹೂಳಿದ್ದ ಸುಮಾರು 9,500 ವರ್ಷಗಳಷ್ಟು ಹಳೆಯ ಸಮಾಧಿಯೊಂದು ಸಿಕ್ಕಿತೆಂದು ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ಆ ದ್ವೀಪಕ್ಕೆ ಬೆಕ್ಕು ಸಹಜ ನಿವಾಸಿಯಲ್ಲವಾದುದರಿಂದ ಜನರೇ ಅದನ್ನು ದೋಣಿಯಲ್ಲಿ ಕರೆದೊಯ್ದಿರಬೇಕು. ರಾತ್ರಿಯ ಕಾವಲಿಗೆಂದು ನೇಮಿಸಿಕೊಂಡ ಕಾವಲುಗಾರನನ್ನು, ರಾತ್ರಿ ಎಚ್ಚರವಾಗಿರುತ್ತಾನೆಂದು ಶಿಕ್ಷಿಸಿದರೆ ಅದು ಎಂತಹ ನ್ಯಾಯ?

ಬೆಕ್ಕು ಎಚ್ಚರವಾಗಿರುವುದೇನೋ ಅದರ ಸ್ವಭಾವ, ಆದರೆ ನಮ್ಮನ್ನು ಏಕೆ ಎಬ್ಬಿಸಬೇಕೆಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಎಚ್ಚರವಾಗಿರುವುದು ಬೆಕ್ಕಿನ ಹುಟ್ಟುಗುಣ. ನಮ್ಮನ್ನು ಎಬ್ಬಿಸುವುದು ಕಲಿತ ಗುಣ. ಅದನ್ನು ಕಲಿಸಿದ ಗುರುಗಳು ನಾವೇ.

ಕಲಿಕೆಯ ಈ ನಿಯಮವನ್ನು ವಿಜ್ಞಾನಿಗಳು ಅರಿತದ್ದೂ ಬೆಕ್ಕುಗಳಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಎಂಬ ಮನಶ್ಶಾಸ್ತ್ರಜ್ಞ ಹಸಿದ ಬೆಕ್ಕನ್ನು ಪಟ್ಟಿಗಳಿಂದ ಮಾಡಿದ ಪೆಟ್ಟಿಗೆಯಲ್ಲಿಟ್ಟು, ಅದಕ್ಕೆ ಕಾಣುವಂತೆ ಹೊರಗೆ ಆಹಾರವಿರಿಸಿದ. ಬೆಕ್ಕು ಕಚ್ಚಿತು, ಪರಚಿತು, ಸಂದಿಯಲ್ಲಿ ನುಸುಳಲೆಳಸಿತು. ಹೀಗೆ ಒದ್ದಾಡುವಾಗ ಆಕಸ್ಮಿಕವಾಗಿ ಬಾಗಿಲಿನ ದಾರವನ್ನು ಎಳೆದು ಹೊರಬಂದಿತು. ಅದನ್ನೇ ಮತ್ತೆ ಮತ್ತೆ ಒಳಗಿಟ್ಟಂತೆ, ಹೊರಬರಲು ತಗಲುವ ಕಾಲ ಕ್ರಮೇಣ ಕಡಿಮೆಯಾಗುತ್ತ ಹೋಯಿತು. 1898ರಲ್ಲಿ ಪ್ರಕಟವಾದ ಈ ಪ್ರಯೋಗಗಳಿಂದ ಮುಂದೆ 'ಪರಿಣಾಮ ನಿಯಮ' ರೂಪುಗೊಂಡಿತು: ಯಾವ ಕ್ರಿಯೆಯ ಫಲ ಹಿತವಾಗಿರುತ್ತದೆಯೋ ಆ ಕ್ರಿಯೆ ನೆಲೆಗೊಳ್ಳುತ್ತದೆ. ಕೆಲವು ಪ್ರಯೋಗಗಳಲ್ಲಿ ಬೆಕ್ಕು ದಾರ ಎಳೆಯಬೇಕಾಗಿಯೂ ಇರಲಿಲ್ಲ. ಅದು ತನ್ನ ಮೈಯನ್ನು ನೆಕ್ಕಿಕೊಂಡೊಡನೆ ಪ್ರಯೋಗಕರ್ತನೇ ಬಾಗಿಲು ತೆರೆಯುತ್ತಿದ್ದ. ಅಂತಹ ಬೆಕ್ಕೂ ಹೊರಬರಬೇಕೆನಿಸಿದಾಗ ಮೈ ನೆಕ್ಕುವುದನ್ನು ಕಲಿತುಕೊಂಡಿತು.

ಈಗ ನಾಲ್ಕು ಗಂಟೆಯ ದೃಶ್ಯವನ್ನು ಮತ್ತೆ ನೋಡಿ. 'ಮ್ಯಾವ್' ಎಂದೊಡನೆ ಹಾಲು ಬಂದರೆ ಕೂಗು ನೆಲೆಗೊಳ್ಳುತ್ತದೆ. ಬೆಳೆದ ಬೆಕ್ಕುಗಳು ತಮ್ಮ ತಮ್ಮೊಳಗೆ 'ಮ್ಯಾವ್' ಎನ್ನುವುದು ಬಹಳ ವಿರಳ. ಆ ಕೂಗನ್ನು ಅವು ಹೆಚ್ಚಾಗಿ ಬಳಸುವುದು ಮನುಷ್ಯರೊಡನೆ. ಇಲ್ಲಿ ಇನ್ನೂ ಒಂದು ಮಾತುಂಟು. ನಾವು ಎದ್ದು ಹಾಲು ಹಾಕಿದ ಮರುಕ್ಷಣವೇ ಕೂಗು ನಿಂತು ನಮಗೆ ನಿದ್ರೆ ದೊರೆಯುತ್ತದೆಯಷ್ಟೆ? ಅದು ನಮಗೆ ಹಿತವಾದ ಫಲ. ಆದುದರಿಂದ 'ಎದ್ದು ಹಾಲು ಹಾಕುವ' ಕ್ರಿಯೆ ನಮ್ಮಲ್ಲಿಯೂ ನೆಲೆಗೊಳ್ಳುತ್ತದೆ. ನಾವು ಬೆಕ್ಕಿಗೆ ಕೂಗುವುದನ್ನು ಕಲಿಸಿದಂತೆ, ಬೆಕ್ಕು ನಮಗೆ ಏಳುವುದನ್ನು ಕಲಿಸಿದೆ. ಥಾರ್ನ್‌ಡೈಕನ ಪೆಟ್ಟಿಗೆಯಲ್ಲಿ ಇದ್ದದ್ದು ಬೆಕ್ಕು ಮಾತ್ರ. ನಮ್ಮ ಮನೆಯ ಪೆಟ್ಟಿಗೆಯೊಳಗೆ ಇಬ್ಬರೂ ಇದ್ದೇವೆ. ತಮ್ಮ ವರ್ತನೆಯನ್ನು ತಾವೇ ಪರೀಕ್ಷಿಸಿಕೊಳ್ಳಬಲ್ಲ ಶಕ್ತಿ ಇರುವುದು ಇಬ್ಬರಲ್ಲಿ ಒಬ್ಬರಿಗೆ ಮಾತ್ರ. ಹೀಗಿರುವಾಗ ಬದಲಾವಣೆಯ ಹೊಣೆಯೂ ಅವರದೇ ಆಗಬೇಕು.

ಹೊಡೆತದಿಂದ ಏನೂ ಸಾಧಿಸುವುದಿಲ್ಲ. ಬೆಕ್ಕು ಪೆಟ್ಟನ್ನು ತನ್ನ ಕೂಗಿಗೆ ಹೊಂದಿಸುವುದಕ್ಕಿಂತ ಹೊಡೆದವರಿಗೆ ಹೊಂದಿಸಿ ಅವರನ್ನು ಕಂಡರೆ ಹೆದರುತ್ತದೆ. ಬರಿಯ ಗದರಿಕೆಯನ್ನಂತೂ ಒಂಟಿಯಾಗಿರುವ ಬೆಕ್ಕು ಉಪಚಾರವೆಂದೇ ಸ್ವೀಕರಿಸಬಹುದು. ಮಾಡಬೇಕಾದುದು ಬೇರೆ. ಮಲಗುವ ಮುನ್ನ ಕಾಲುಗಂಟೆ ದಾರವನ್ನೋ ಕಾಗದದ ಉಂಡೆಯನ್ನೋ ಎಳೆದಾಡಿ ಬೆಕ್ಕನ್ನು ಆಡಿಸಿ. ಆಮೇಲೆ ದಿನದ ಕೊನೆಯ ಊಟ ಹಾಕಿ. ಬೇಟೆಯಾಡಿ, ತಿಂದು, ಮೈ ನೆಕ್ಕಿಕೊಂಡು ಮಲಗುವುದು ಬೆಕ್ಕಿನ ಸಹಜ ಕ್ರಮ. ಬೆಳಿಗ್ಗೆ ಎದ್ದ ಕೂಡಲೇ ತಿನಿಸು ಹಾಕದೆ, ಮುಖ ತೊಳೆದು ಬೇರೆ ಕೆಲಸ ಮುಗಿಸಿ ಹಾಕಿ. ಆಗ ನಿಮ್ಮ ಏಳುವಿಕೆಗೂ ಅದರ ಊಟಕ್ಕೂ ಇರುವ ನಂಟು ಸಡಿಲವಾಗುತ್ತದೆ. ರಾತ್ರಿ ಕೂಗಿದರೆ ಏಳಬೇಡಿ, ಮಾತನಾಡಿಸಲೂ ಬೇಡಿ.

ಒಂದು ಎಚ್ಚರಿಕೆ. ಫಲ ನಿಂತ ಮೊದಲ ದಿನಗಳಲ್ಲಿ ಕೂಗು ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಆಗ ಸೋತು ಒಂದು ರಾತ್ರಿ ಎದ್ದಿರೋ, ಮೊದಲಿಗಿಂತಲೂ ಜೋರಾಗಿ, ಬಹಳ ಹೊತ್ತು ಕೂಗಿದರೆ ಫಲ ಸಿಗುತ್ತದೆಂದು ಕಲಿಸಿದಂತಾಯಿತು. ಆಗೊಮ್ಮೆ ಈಗೊಮ್ಮೆ ಮಾತ್ರ ಫಲ ಕೊಡುವ ಅಭ್ಯಾಸವೇ ಬಿಡಿಸಲು ಅತಿ ಕಷ್ಟವಾದುದೆಂದು ಫರ್ಸ್ಟರ್ ಮತ್ತು ಸ್ಕಿನ್ನರ್ 1957ರ ತಮ್ಮ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ. ಆದುದರಿಂದ ಮನೆಯವರೆಲ್ಲರೂ ಒಮ್ಮನಸ್ಸಿನಿಂದ ನಡೆಯಬೇಕು; ಅಜ್ಜಿಯೊಬ್ಬರು ಕನಿಕರಪಟ್ಟು ಎದ್ದರೂ ಪ್ರಯೋಗ ಕೆಟ್ಟಂತೆಯೇ.

ಆದರೆ ಕೂಗಿಗೆಲ್ಲ ಕಿವಿ ಮುಚ್ಚಿಕೊಳ್ಳಿರೆಂದು ನಾನು ಹೇಳುತ್ತಿಲ್ಲ. ಬೆಕ್ಕು ಮಾಂಸಾಹಾರಕ್ಕೆಂದೇ ರಚಿತವಾದ ಪ್ರಾಣಿ. ಅದರ ಹೃದಯಕ್ಕೂ ಕಣ್ಣಿಗೂ ಅಗತ್ಯವಾದ ಟಾರಿನ್ ಎಂಬ ವಸ್ತು ಅನ್ನದಲ್ಲಿ ದೊರೆಯದು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಸಕ್ಕರೆ ಚೆನ್ನಾಗಿ ಜೀರ್ಣವಾಗದು. ನಮ್ಮ ಅನೇಕ ಮನೆಗಳಲ್ಲಿರುವಂತೆ ಹಾಲು-ಮೊಸರನ್ನವನ್ನಷ್ಟೇ ತಿಂದ ಬೆಕ್ಕು ರಾತ್ರಿ ಕೂಗಿದರೆ ಆ ಕೂಗು ನಿಜವಾದ ಹಸಿವಿನದಾಗಿರಬಹುದು. ಬೆದೆಗೆ ಬಂದ ಹೆಣ್ಣುಬೆಕ್ಕಿನ ಕೂಗಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯೇ ಪರಿಹಾರ. ಶಾಂತವಾಗಿದ್ದ ಮುದಿಬೆಕ್ಕು ಇದ್ದಕ್ಕಿದ್ದಂತೆ ರಾತ್ರಿ ಅರಚತೊಡಗಿದರೆ ಥೈರಾಯ್ಡ್ ಗ್ರಂಥಿಯ ದೋಷವೋ, ರಕ್ತದೊತ್ತಡವೋ, ಬುದ್ಧಿಮಾಂದ್ಯವೋ ಕಾರಣವಿರಬಹುದು. ಅದನ್ನು ಪಶುವೈದ್ಯರಿಗೆ ತೋರಿಸತಕ್ಕದ್ದು.

ಯಾವ ಕೂಗು ಯಾವುದೆಂದು ತಿಳಿಯುವುದು ಹೇಗೆ? ವಿದ್ಯಾರ್ಥಿಗಳಾದ ನೀವು ಒಂದು ಟಿಪ್ಪಣಿ ಪುಸ್ತಕವನ್ನಿಟ್ಟುಕೊಳ್ಳಿ. ಬೆಕ್ಕು ಎಷ್ಟು ಗಂಟೆಗೆ ಕೂಗಿತು, ಎಷ್ಟು ಹೊತ್ತು ಕೂಗಿತು, ಹಿಂದಿನ ಸಂಜೆ ಏನು ತಿಂದಿತು, ಯಾರು ಎದ್ದರು, ಎದ್ದು ಏನು ಮಾಡಿದರು ಎಂಬುದನ್ನು ಮೂರು ವಾರ ಬರೆದಿಡಿ. ಇದಕ್ಕೆ ಪ್ರಯೋಗಶಾಲೆ ಬೇಕಿಲ್ಲ, ಹಣ ಬೇಕಿಲ್ಲ. ಗೋಣಿಚೀಲದ ಮಾತು ಮತ್ತೆ ಬಂದಾಗ ಆ ಪುಸ್ತಕವನ್ನು ಹಿರಿಯರ ಮುಂದೆ ಬಿಡಿಸಿಡಿ. ಅತ್ತು ಬೇಡಿದರೆ ಕರಗದ ಮನಸ್ಸು, ಕಣ್ಣೆದುರಿನ ಅಂಕಿಗಳಿಗೆ ಒಮ್ಮೊಮ್ಮೆ ತಲೆಬಾಗುವುದುಂಟು.