ಪೆಟ್ಟಿಗೆ ಒಂದೇ, ಬಾಗಿಲು ಎರಡು

ಪುಣೆಯ ಹಿಂಜವಡಿಯಲ್ಲಿ ದುಡಿಯುವ ನನ್ನಂಥವರಿಗೆ ನಲವತ್ತು ಹತ್ತಿರವಾದಂತೆ ಒಂದು ಚಿಂತೆ ಹತ್ತಿಕೊಳ್ಳುತ್ತದೆ. ಇಷ್ಟು ವರ್ಷ ಕಲಿತದ್ದರಲ್ಲಿ ಮುಂದೆ ಉಪಯೋಗಕ್ಕೆ ಬರುವುದು ಎಷ್ಟು? ನನ್ನದು ಆಫೀಸಿನ ಫೋನ್ ವ್ಯವಸ್ಥೆ ನೋಡಿಕೊಳ್ಳುವ ಕೆಲಸ. ವಾಯ್ಸ್‌ಮೇಲ್ ಮತ್ತು ಇಮೇಲನ್ನು ಒಂದುಗೂಡಿಸುವ ಯೂನಿಫೈಡ್ ಮೆಸೇಜಿಂಗ್ ಹೊಣೆ ಹೆಗಲಿಗೆ ಬಿದ್ದಾಗ ನಾನು ಕಲಿತ ಬಗೆಯನ್ನು ಈ ಸಲ ಹೇಳುತ್ತೇನೆ.

ವಿಷಯ ಸರಳ. ನೀವು ಸೀಟಿನಲ್ಲಿ ಇಲ್ಲದಾಗ ಕರೆ ಮಾಡಿದವರ ಮಾತು ರೆಕಾರ್ಡ್ ಆಗಿ ಔಟ್‌ಲುಕ್ ಇನ್‌ಬಾಕ್ಸಿಗೆ ಬರುತ್ತದೆ. ಮೇಜಿನ ಫೋನಿನ ಕೆಂಪು ದೀಪವೂ ಹೊತ್ತಿಕೊಳ್ಳುತ್ತದೆ. ಎರಡರಲ್ಲಿ ಎಲ್ಲಿ ಕೇಳಿದರೂ ದೀಪ ಆರಬೇಕು. ಮೈಕ್ರೋಸಾಫ್ಟ್ ಇದನ್ನು ಎಕ್ಸ್‌ಚೇಂಜ್ 2007ರಲ್ಲಿ ಮೇಲ್ ಸರ್ವರಿನೊಳಗೇ ಸೇರಿಸಿತು. ಸಿಸ್ಕೊ ಯೂನಿಟಿ ಕನೆಕ್ಷನ್‌ನಲ್ಲಿ ಧ್ವನಿ ಅದರದೇ ಸರ್ವರಿನಲ್ಲಿರುತ್ತದೆ. 'ಸಿಂಗಲ್ ಇನ್‌ಬಾಕ್ಸ್' ಎಂಬ ಸೌಲಭ್ಯ ಅದನ್ನು ಎಕ್ಸ್‌ಚೇಂಜ್ ಜೊತೆ ಹೊಂದಿಸುತ್ತದೆ. ನನ್ನ ಪಾಲಿಗೆ ಬಂದದ್ದು ಈ ಎರಡನೆಯದು.

ಕೈಪಿಡಿ ಹಿಡಿದು ಮೆನು ಬಾಯಿಪಾಠ ಮಾಡುವುದು ಒಂದು ದಾರಿ. ಚೆನ್ನೈನ ಹಿರಿಯ ಸಹೋದ್ಯೋಗಿಯೊಬ್ಬರು ಬೇರೆ ದಾರಿ ತೋರಿಸಿದರು. ಒಂದೇ ಮೆಸೇಜ್ ಬಿಡು, ಅದರ ಬೆನ್ನು ಹತ್ತು ಎಂದರು. ಲ್ಯಾಬಿನಲ್ಲಿ ಕೂತು "ಹಲೋ, ಊಟ ಆಯ್ತಾ?" ಎಂದು ನನಗೆ ನಾನೇ ಹತ್ತಾರು ಮೆಸೇಜ್ ಬಿಟ್ಟೆ. ಕರೆ ಯಾವ ನಂಬರಿನಿಂದ ತಿರುಗಿ ಬಂತು, ಯಾವ ಪೆಟ್ಟಿಗೆಗೆ ಬಿತ್ತು, ಪ್ರತಿ ಯಾವಾಗ ಇನ್‌ಬಾಕ್ಸ್ ಸೇರಿತು, ದೀಪ ಯಾರು ಹೊತ್ತಿಸಿದರು ಎಂದು ಲಾಗ್‌ಗಳಲ್ಲಿ ಹುಡುಕಿದೆ. ದಾರಿ ಗೊತ್ತಾದ ಮೇಲೆ ದೂರುಗಳೂ ಅರ್ಥವಾಗತೊಡಗಿದವು. ಮೆಸೇಜ್ ಇದ್ದೂ ದೀಪ ಹೊತ್ತದಿದ್ದರೆ ಫೋನ್ ಕಡೆಯ ಜೋಡಣೆ ನೋಡಬೇಕು. ದೀಪ ಹೊತ್ತಿಯೂ ಮೇಲ್ ಬರದಿದ್ದರೆ ಎಕ್ಸ್‌ಚೇಂಜ್ ಕೊಟ್ಟ ಅನುಮತಿಯನ್ನೋ ಸರ್ಟಿಫಿಕೇಟನ್ನೋ ನೋಡಬೇಕು. ಮೇಲ್‌ಬಾಕ್ಸ್ ಬೇಗ ತುಂಬುತ್ತಿದ್ದರೆ ಲೆಕ್ಕ ಹಾಕಬೇಕು: ಜಿ.711 ಕೋಡೆಕ್‌ನಲ್ಲಿ ಒಂದು ನಿಮಿಷದ ಮಾತಿಗೆ ಸುಮಾರು 480 ಕೆಬಿ ಬೇಕು, ಜಿ.729ರಲ್ಲಿ 60 ಕೆಬಿ ಸಾಕು.

ಆದರೆ ದೊಡ್ಡ ತೊಡಕು ಯಂತ್ರದ್ದಲ್ಲ, ಬಳಸುವವರ ನಂಬಿಕೆಯದು. ಮುಖ್ಯವಾದ ಮೆಸೇಜನ್ನು ಜೋಪಾನ ಮಾಡಲೆಂದು ಯಾರೋ ಅದನ್ನು ಇನ್‌ಬಾಕ್ಸಿನ ಹೊರಗಿನ ಫೋಲ್ಡರಿಗೆ ಎಳೆದು ಹಾಕುತ್ತಾರೆ. ಯೂನಿಟಿ ಅದನ್ನು ಅಳಿಸಿದ್ದೆಂದೇ ತಿಳಿದು ತನ್ನ ಕಡೆ ಅಳಿಸಿದವುಗಳ ಸಾಲಿಗೆ ತಳ್ಳುತ್ತದೆ. ಪಾಪ, ಅವರು ಫೋನಿನಲ್ಲಿ ಹುಡುಕುತ್ತಾರೆ, ಮೆಸೇಜ್ ಸಿಗುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಸಾಹೇಬರ ಇನ್‌ಬಾಕ್ಸ್ ನೋಡುವ ಅನುಮತಿ ಎಷ್ಟೋ ಕಡೆ ಸಹಾಯಕರಿಗೂ ಇರುತ್ತದೆ. ತನ್ನ ಕಾಯಿಲೆಯ ಬಗ್ಗೆಯೋ ಸಹೋದ್ಯೋಗಿಯ ಕಿರುಕುಳದ ಬಗ್ಗೆಯೋ ತಡವರಿಸುತ್ತಾ ಮಾತಾಡಿದವರು, ಒಬ್ಬರ ಕಿವಿಗೆ ಹೇಳಿದೆ ಎಂದೇ ಅಂದುಕೊಂಡಿರುತ್ತಾರೆ. ಆ ಧ್ವನಿ ಕೂತಿರುವುದು ಮಾತ್ರ ಇಬ್ಬರು ಮೂವರು ತೆರೆಯಬಲ್ಲ ಪೆಟ್ಟಿಗೆಯಲ್ಲಿ. ಇದಕ್ಕೆ ದಾರಿ ಇದೆ. ಮೆಸೇಜನ್ನು 'ಸೆಕ್ಯೂರ್' ಎಂದು ಗುರುತಿಸುವಂತೆ ಮಾಡಿದರೆ, ಇನ್‌ಬಾಕ್ಸಿಗೆ ಬರಿಯ ಸೂಚನೆ ಬರುತ್ತದೆ. ಧ್ವನಿ ಯೂನಿಟಿ ಸರ್ವರಿನಲ್ಲೇ ಉಳಿಯುತ್ತದೆ. ಹಾಗಾಗಿ ಯಾವ ಇಲಾಖೆಗೆ ಅದು ಬೇಕು ಎಂದು ಎಚ್‌ಆರ್ ಜೊತೆ ಕೂತು ತೀರ್ಮಾನಿಸುವುದೂ ಅಡ್ಮಿನ್ ಕೆಲಸವೇ.

ಎಕ್ಸ್‌ಚೇಂಜ್ 2019 ಬಂದಾಗ ಮೈಕ್ರೋಸಾಫ್ಟ್ ತನ್ನ ಯೂನಿಫೈಡ್ ಮೆಸೇಜಿಂಗನ್ನೇ ತೆಗೆದುಹಾಕಿತು. ಜಾಗಕ್ಕೆ ಕ್ಲೌಡ್ ವಾಯ್ಸ್‌ಮೇಲ್ ಬಂತು. ಮೆನು ಬಾಯಿಪಾಠ ಮಾಡಿದವರು ಮತ್ತೆ ಒಂದರಿಂದ ಶುರು ಮಾಡಬೇಕಾಯಿತು. ಮೆಸೇಜಿನ ದಾರಿ ತಿಳಿದವರಿಗೆ ಹೊಸದರಲ್ಲೂ ಕೇಳಬೇಕಾದ ಪ್ರಶ್ನೆಗಳು ಹಳೆಯವೇ: ಧ್ವನಿ ಎಲ್ಲಿದೆ, ಪ್ರತಿ ಯಾರ ಬಳಿ ಇದೆ, ಅಳಿಸಿದರೆ ಎಲ್ಲೆಲ್ಲಿ ಅಳಿಯುತ್ತದೆ?

ನಿಮ್ಮ ಆಫೀಸಿನಲ್ಲೂ ವಾಯ್ಸ್‌ಮೇಲ್ ಇನ್‌ಬಾಕ್ಸಿಗೆ ಬರುತ್ತಿದ್ದರೆ ಈ ಮೂರನ್ನು ನಿಮ್ಮ ಅಡ್ಮಿನ್ ಬಳಿ ಒಮ್ಮೆ ಕೇಳಿ ನೋಡಿ. ಉತ್ತರ ತಿಳಿಯುವವರೆಗೆ, ಎದುರಿಗೆ ಕೂತು ಹೇಳಬೇಕಾದ ಮಾತನ್ನು ಬೀಪ್ ಸದ್ದಾದ ಮೇಲೆ ಹೇಳಬೇಡಿ.