ಮತಪೆಟ್ಟಿಗೆಗೆ ತೆರೆದ ಬಾಗಿಲು



ಕೊರೋನಾ ನಿಮಿತ್ತ 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ, ನಮ್ಮ ರಾಜ್ಯದ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ನಡುವೆ, 2020ರ ಡಿಸೆಂಬರ್ 22 ಮತ್ತು 27ರಂದು, ಗ್ರಾಮ ಪಂಚಾಯಿತಿ ಚುನಾವಣೆಗಾಗಿ ಶಾಲಾ ಕೊಠಡಿಗಳು ತೆರೆದವು. ಪರ್ಕಳ ಉಡುಪಿ ನಗರಸಭೆಗೆ ಸೇರಿದ ಊರು. ಅಲ್ಲಿ ಆ ಚುನಾವಣೆ ಇರಲಿಲ್ಲ. ಸುತ್ತಣ ಹಳ್ಳಿಗಳ ತಂದೆತಾಯಿಗಳಾದರೋ ಮಕ್ಕಳಿಗೆ ಮುಚ್ಚಿದ ಶಾಲೆಯಲ್ಲಿಯೇ ಸಾಲುಗಟ್ಟಿ ನಿಂತು ಮತವಿತ್ತರು.

ಪೋಷಕರಲ್ಲಿ ಕೆಲವರು ಶಾಲೆ ಮುಚ್ಚಿತೆಂದು ಊರಿನ ಸದಸ್ಯನನ್ನು ದೂರುತ್ತಾರೆ. ಕೆಲವರು ಅಕ್ಕಿಯ ಕಿಟ್ ಕೊಟ್ಟನೆಂದು ಹೊಗಳುತ್ತಾರೆ. ಎರಡೂ ವಿವೇಕದ ತೀರ್ಪಲ್ಲ. ಮುಚ್ಚಿದ್ದು ಸರ್ಕಾರದ ಆಜ್ಞೆ. ಸದಸ್ಯನಿಗೆ ಆ ಅಧಿಕಾರವಿರಲಿಲ್ಲ. ಹಸಿದವರಿಗೆ ಅನ್ನವಿತ್ತದ್ದು ಸತ್ಕಾರ್ಯವೇ ಸರಿ. ಆದರೆ ದಾಸೋಹವು ಪ್ರತಿಫಲ ಬೇಡದು.

ಕೇಳಬೇಕಾದ ಪ್ರಶ್ನೆ ಬೇರೆ. 2020ರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ದ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಬಂದಾಗ ಪಾಠಕ್ಕೊಂದು ಚಾವಡಿ ಒದಗಿಸಿದವರಾರು? ಅಕ್ಟೋಬರಿನಲ್ಲಿ ಅದೂ ನಿಂತಾಗ, ಮೊಬೈಲ್ ಇಲ್ಲದ ಕೂಲಿಕಾರನ ಮಗುವಿನ ಪರವಾಗಿ ಬಾಯಿ ತೆರೆದವರಾರು?

ಸೋಂಕಿನ ಭಯ ನಿಜವಾಗಿತ್ತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಮುಖಗವಸು ತೊಟ್ಟು, ಅಂತರ ಕಾಯ್ದು ಮತದಾನ ನಡೆಸಬಹುದಾದರೆ, ಎಳೆಯರಿಗೆ ವಾರಕ್ಕೊಂದು ದಿನದ ಪಾಠವೇಕೆ ಅಸಾಧ್ಯವಾಯಿತು?

ಅಂದು ಒಂದನೆಯ ತರಗತಿ ತಪ್ಪಿದ ಮಗು ಇಂದು ಮೇಲಿನ ತರಗತಿಗಳಿಗೆ ಬಂದಿದೆ. ಮತ ಯಾಚಿಸಿ ಬಂದವರ ಕೈಗೆ ಕರಪತ್ರದ ಬದಲು ಆ ಮಗುವಿನ ಕಾಪಿಪುಸ್ತಕವನ್ನಿಡಿರಿ. ಅಕ್ಕಿಯ ಋಣಕ್ಕೆ ಕೃತಜ್ಞತೆ ಸಾಕು. ಮತವು ಅಕ್ಷರದ ಬಾಕಿ ತೀರಿಸುವವರಿಗೇ ಸಲ್ಲಲಿ.