ರಮಝಾನ್ ಕಿಟ್: ಪಟ್ಟಿಯಲ್ಲಿ ಯಾರಿದ್ದಾರೆ, ಯಾರು ಬಿಟ್ಟುಹೋದರು?

ಈದ್ ಹತ್ತಿರ ಬಂದರೆ ಸೊಲ್ಲಾಪುರದ ನವಿ ಪೇಠೆಯಲ್ಲಿ ಬಟ್ಟೆ ಖರೀದಿ ಜೋರು. ಅದೇ ಊರಲ್ಲಿ ಬೀಡಿ ಕಟ್ಟುವ, ಪವರ್‌ಲೂಮ್‌ನಲ್ಲಿ ದುಡಿಯುವ ಎಷ್ಟೋ ಮನೆಗಳಿಗೆ ಹೊಸ ಬಟ್ಟೆ ದೂರದ ಮಾತು. ಇಂಥವರಿಗೆ ಕೊಡುವ ಮನಸ್ಸಿರುವವರು ಸಮುದಾಯದಲ್ಲಿ ಕಡಿಮೆಯೇನಲ್ಲ. ಕಷ್ಟ ಇರುವುದು ಯಾವ ಮನೆಗೆ ಕೊಡಬೇಕು ಎಂದು ತೀರ್ಮಾನಿಸುವುದರಲ್ಲಿ. ನಮ್ಮ ಕರಾವಳಿಯ ಜಮಾಅತ್‌ಗಳಿಗೂ ಈ ತಲೆನೋವು ಹೊಸತಲ್ಲ.

2025ರ ಮಾರ್ಚ್‌ನಲ್ಲಿ ಬಿಜೆಪಿ ಅಲ್ಪಸಂಖ್ಯಾತ ಮೋರ್ಚಾ ‘ಸೌಗಾತ್-ಎ-ಮೋದಿ’ ಕಿಟ್ ಘೋಷಿಸಿತು. 32 ಸಾವಿರ ಮಸೀದಿಗಳ ಮೂಲಕ 32 ಲಕ್ಷ ಬಡವರಿಗೆ ತಲುಪಿಸುವ ಗುರಿ. ಅದರ ರಾಜಕೀಯದ ಬಗ್ಗೆ ಬೇಕಾದಷ್ಟು ಚರ್ಚೆಯಾಗಿದೆ. ಲೆಕ್ಕವನ್ನೂ ಸ್ವಲ್ಪ ನೋಡೋಣ: ಸರಾಸರಿ ಮಸೀದಿಗೆ ನೂರು. ಆದರೆ ಬಡತನ ಮಸೀದಿಗೆ ಇಷ್ಟು ಎಂದು ಸಮವಾಗಿ ಹಂಚಿಕೊಂಡಿಲ್ಲವಲ್ಲ!

ಮಹಾರಾಷ್ಟ್ರ ಸರಕಾರ 2022ರ ದೀಪಾವಳಿಗೆ ‘ಆನಂದಾಚಾ ಶಿಧಾ’ ತಂದಾಗ ಅಳತೆಗೋಲು ರೇಷನ್ ಕಾರ್ಡ್. ನೂರು ರೂಪಾಯಿಗೆ ರವೆ, ಸಕ್ಕರೆ, ಕಡ್ಲೆಬೇಳೆ, ಎಣ್ಣೆ. ಇದು ಪಕ್ಷಪಾತಕ್ಕೆ ಕಡಿಮೆ ಆಸ್ಪದ ಕೊಡುವ ದಾರಿ, ನಿಜ. ಆದರೆ ಕಾರ್ಡೇ ಇಲ್ಲದವರು, ಗಂಡ ಬಿಟ್ಟುಹೋದ ಮೇಲೂ ಅತ್ತೆಮನೆಯ ಕಾರ್ಡಿನಲ್ಲೇ ಹೆಸರಿರುವ ಹೆಣ್ಣುಮಗಳು ಏನು ಮಾಡಬೇಕು?

ಇನ್ನು ನಮ್ಮ ಪಟ್ಟಿ. ಹೆಚ್ಚಿನ ಕಡೆ ಕಳೆದ ವರ್ಷದ ಪಟ್ಟಿಯೇ ಈ ವರ್ಷಕ್ಕೂ. ಬಾಡಿಗೆ ಮನೆಗೆ ಹೊಸದಾಗಿ ಬಂದವರು ಜಮಾಅತ್ ಸದಸ್ಯರಲ್ಲ, ಹಾಗಾಗಿ ಅವರು ಹೊರಗೆ. 2024ರ ಜನವರಿಯಲ್ಲಿ ಸೊಲ್ಲಾಪುರದ ಹೊರವಲಯದ ಕುಂಭಾರಿಯ ರೇ ನಗರದಲ್ಲಿ ಬೀಡಿ, ನೇಕಾರಿಕೆ ಕಾರ್ಮಿಕರು ಮತ್ತಿತರರಿಗಾಗಿ ಕಟ್ಟಿದ 15,000 ಮನೆಗಳ ಹಸ್ತಾಂತರವಾಯಿತು. ಹೀಗೆ ಮೊಹಲ್ಲಾ ಬಿಟ್ಟು ಹೋದ ಬಡವರ ಹೆಸರು ಹಳೆ ಮಸೀದಿಯ ಪಟ್ಟಿಯಲ್ಲಿ ಉಳಿಯುತ್ತದೆಯೇ? ಹೊಸ ಜಾಗದಲ್ಲಿ ಅವರನ್ನು ಗುರುತಿಸುವವರು ಯಾರು?

ಬೀಡಿಯ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕ. ಎಲೆ ಬಾರದ ವಾರ ಕೂಲಿಯೂ ಇಲ್ಲ. ಹೋದ ವರ್ಷ ಹೇಗೋ ಸುಧಾರಿಸಿಕೊಂಡಿದ್ದ ಮನೆ ಈ ವರ್ಷ ಸಾಲದಲ್ಲಿರಬಹುದು. ಪಟ್ಟಿಗೆ ಅದು ಹೇಗೆ ಗೊತ್ತಾಗಬೇಕು?

ಕುರ್‌ಆನ್ (ಅಲ್ ಬಕರಃ, 273) ನೆನಪಿಸುವುದು ಕೈಚಾಚದೆ ಇರುವವರನ್ನು. ಅವರ ಸ್ವಾಭಿಮಾನ ನೋಡಿ, ತಿಳಿಯದವರು ಅನುಕೂಲಸ್ಥರೆಂದೇ ಭಾವಿಸುತ್ತಾರೆ. ಮಸೀದಿ ಮುಂದೆ ಟೋಕನ್ ಕೊಟ್ಟು ಸಾಲು ನಿಲ್ಲಿಸಿದರೆ ಇವರು ಬರುವುದಿಲ್ಲ. ಕಿಟ್ ಹಿಡಿಸಿ ಫೋಟೋ ತೆಗೆದು ವಾಟ್ಸ್‌ಆ್ಯಪ್‌ಗೆ ಹಾಕಿದರಂತೂ ಬಂದವರೂ ಮುಂದಿನ ವರ್ಷ ಬರಲಾರರು. ಆಗ ಪಟ್ಟಿಯಲ್ಲಿ ಉಳಿಯುವುದು ಕೇಳಲು ಗೊತ್ತಿರುವವರು ಮಾತ್ರ.

ಯುವಕರು ಮನಸ್ಸು ಮಾಡಿದರೆ ಇದನ್ನು ಸರಿಪಡಿಸಬಹುದು. ಶಅಬಾನ್ ತಿಂಗಳಲ್ಲೇ ಪಟ್ಟಿ ಹೊಸದಾಗಿ ಬರೆಯಿರಿ. ಮನೆಯೊಳಗಿನ ಕಷ್ಟ ಹೆಂಗಸರಿಗೆ ಗೊತ್ತಿರುತ್ತದೆ. ಮದ್ರಸದ ಉಸ್ತಾದ್, ಆಶಾ ಕಾರ್ಯಕರ್ತೆ, ಉದ್ದರಿ ಕೊಡುವ ಅಂಗಡಿಯವರಿಗೂ ಗೊತ್ತು. ಅವರನ್ನು ಗುಟ್ಟಾಗಿ ಕೇಳಿ. ಬಾಡಿಗೆ, ಔಷಧಿ, ಸಾಲ, ದುಡಿಯುವ ಕೈ ಎಷ್ಟು ಎಂದು ನೋಡಿ, ಸದಸ್ಯತ್ವ ನೋಡಬೇಡಿ. ಅಕ್ಕಪಕ್ಕದ ಮಸೀದಿಗಳು ಪಟ್ಟಿ ಹೋಲಿಸಿಕೊಂಡರೆ ಒಂದೇ ಮನೆಗೆ ನಾಲ್ಕು ಕಿಟ್ ಹೋಗುವುದು ತಪ್ಪುತ್ತದೆ. ಪಕ್ಕದ ಹಿಂದೂ, ಕ್ರೈಸ್ತ ಮನೆ ಹಸಿದಿದ್ದರೆ ದಾನದ ಹಣದಿಂದ ಅವರಿಗೂ ಕೊಡಿ.

ಪಟ್ಟಿ ಇಬ್ಬರು ಮೂವರ ಕೈಯಲ್ಲೇ ಇರಲಿ. ಲೆಕ್ಕ ಜಮಾಅತ್ ಮುಂದೆ ಬರಲಿ, ಪಡೆದವರ ಹೆಸರು ಬೇಡ.